ಎಲೆ ಹಂಚದ ಇಸ್ಪೀಟು ಕ್ಲಬ್ಬಿಗೆ ಬೆಳಕಿನ ಫಲಕ ಬೇಡ

ಕೌಂಟಿಯ ಸಮುದಾಯ ಭವನಗಳ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮೂರಿನ ಸಮುದಾಯ ಭವನದ ಮುಂದೆ, ಪೆಟ್ರೋಲ್ ಪಂಪಿಗೆ ಎದುರಾಗಿ ತಾವು ನಿಲ್ಲಿಸಲಿರುವ ಹೊಸ ದೀಪದ ಫಲಕದಲ್ಲಿ ದಯವಿಟ್ಟು ಮಂಗಳವಾರದ ಸಾಲನ್ನು ತಿದ್ದಬೇಡಿ. ಈಗಿರುವ ಹಳೆಯ ಮರದ ಹಲಗೆಯ ಮೇಲೆ ‘ಮಂಗಳವಾರ ಸಂಜೆ: ಇಸ್ಪೀಟು ಕ್ಲಬ್’ ಎಂದಿದೆ. ಅದು ಸುಳ್ಳೆಂದು ತಮಗೆ ಕಳೆದ ತಿಂಗಳು ಗೊತ್ತಾಯಿತು. ನಮ್ಮೂರಿಗೆ ಅದು ಹಲಗೆ ಹೊಡೆದ ದಿನದಿಂದಲೇ ಗೊತ್ತು. ಆ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಸೇರುವವರು ಕುಡಿತ ಬಿಟ್ಟವರು, ಬಿಡುತ್ತಿರುವವರು, ನಾಳೆಯಿಂದ ಬಿಡುತ್ತೇನೆ ಎನ್ನುವವರು. ನಾನೂ ಅವರಲ್ಲೊಬ್ಬ. ಇದನ್ನು ಇನ್ನು ಮುಂದೆ ‘ಮದ್ಯವ್ಯಸನದಿಂದ ಚೇತರಿಸಿಕೊಳ್ಳುವವರ ಬೆಂಬಲ ಸಭೆ, ಎಲ್ಲರಿಗೂ ಸ್ವಾಗತ’ ಎಂದು ನೀಲಿ ದೀಪದಲ್ಲಿ ಬರೆಸುವುದಾಗಿ ತಾವು ತಿಳಿಸಿದ್ದೀರಿ. ಬೇಡ ಎಂದು ಪತ್ರಿಕೆಯ ಮೂಲಕ ಕೇಳಿಕೊಳ್ಳಲು ಈ ಬಹಿರಂಗ ಪತ್ರ.

ತಮ್ಮ ಪತ್ರವನ್ನು ನಾವೆಲ್ಲ ಟೀ ಕುಡಿಯುತ್ತ ಗಟ್ಟಿಯಾಗಿ ಓದಿಸಿಕೊಂಡೆವು. ಒಳ್ಳೆಯ ಪತ್ರ. ‘ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೌಂಟಿ ಕಚೇರಿಯಿಂದ ಇಷ್ಟು ಅಂತಃಕರಣದ ಪತ್ರ ನನಗೆ ಈ ಜನ್ಮದಲ್ಲಿ ಬಂದಿರಲಿಲ್ಲ. ಇದುವರೆಗೆ ಬಂದವೆಲ್ಲ ಚರಂಡಿಗೆ ಸಂಬಂಧಿಸಿದವು. ಹಾಗಾಗಿ ತಮ್ಮ ಮೇಲೆ ರೇಗಬೇಕೆಂದು ಕುಳಿತರೂ ರೇಗಲು ಆಗುತ್ತಿಲ್ಲ. ಆದರೂ ಕೇಳುತ್ತೇನೆ. ನಾಚಿಕೆ ಇಲ್ಲವೆಂದು ತಮ್ಮ ಕಚೇರಿ ಆದೇಶ ಹೊರಡಿಸಿದರೆ ನಾಚಿಕೆ ಹೋಗುತ್ತದೆಯೇ? ಬೆಳಕಿಗೆ ತರುವುದೆಂದರೆ ಪೆಟ್ರೋಲ್ ಪಂಪಿನ ಬೆಳಕಿಗೇ ತರಬೇಕೇ? ಅಲ್ಲಿ ಗಾಡಿಗೆ ಎಣ್ಣೆ ಹಾಕಿಸಲು ನಿಂತವರಿಗೆ ಮಾಡಲು ಬೇರೆ ಕೆಲಸವಿಲ್ಲ. ಯಾರ ಕಾರು ಎತ್ತ ತಿರುಗಿತು ಎಂದು ನೋಡುವುದೊಂದೇ ಕೆಲಸ.

‘ಗುಟ್ಟು ಬೇಕೆನ್ನುವ ನೀನೇ ಪತ್ರಿಕೆಯಲ್ಲಿ ಬರೆಯುತ್ತಿದ್ದೀಯಲ್ಲ’ ಎಂದು ತಾವು ನಗಬಹುದು. ಊರಿನ ಹೆಸರು ನಾನು ಬರೆದಿಲ್ಲ. ಇಲ್ಲಿ ಬರುವವರ ಹೆಸರುಗಳನ್ನೂ ಬದಲಿಸಿದ್ದೇನೆ. ಐರ್ಲೆಂಡಿನ ಪಡುವಣದ ಈ ನಮ್ಮ ಕೌಂಟಿಯಲ್ಲಿ ಭವನವಿರುವ ಪ್ರತಿ ಊರಿನಲ್ಲೂ ಇಂಥದ್ದೊಂದು ಇದೆ. ಒಂದು ಕಡೆ ಅದು ಹೂ ಜೋಡಣೆ ತರಗತಿ, ಇನ್ನೊಂದು ಕಡೆ ಹಳೆ ಟ್ರ್ಯಾಕ್ಟರ್ ಪ್ರಿಯರ ಕೂಟ. ಓದಿದವರೆಲ್ಲ ಇದು ಪಕ್ಕದ ಊರಿನ ಕಥೆ ಎಂದುಕೊಳ್ಳುತ್ತಾರೆ. ನಮ್ಮೂರಿನವರಿಗೆ ಮಾತ್ರ ನಿಜ ತಿಳಿಯುತ್ತದೆ. ಅವರು ನಾಳೆ ಅಂಗಡಿಯಲ್ಲಿ ಸಿಕ್ಕಾಗ ‘ಇವತ್ತು ಮಳೆ ಬರಲ್ಲ ಅನ್ಸುತ್ತೆ’ ಎಂದು ನನಗೆ ಹೇಳಿ ಹೋಗುತ್ತಾರೆ. ಎಲ್ಲ ಗೊತ್ತಿದ್ದೂ ಬಾಯಿ ಬಿಡದಿರುವುದು ನಮ್ಮಲ್ಲಿ ಮರ್ಯಾದೆಯ ಲಕ್ಷಣ. ತಾವು ಪೂರ್ವದ ಕಡೆಯಿಂದ ವರ್ಗವಾಗಿ ಬಂದವರೆಂದು ಕೇಳಿದ್ದೇನೆ. ಅಲ್ಲಿಯ ಪದ್ಧತಿ ಬೇರೆ ಇರಬಹುದು.

ಈ ಮರ್ಯಾದೆಯಿಂದ ತೊಂದರೆಯೇ ಇಲ್ಲ ಎಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ತಮ್ಮ ವಾದದಲ್ಲಿ ಅರ್ಧ ನಿಜವಿದೆ. ಅದಕ್ಕೆ ನಾನೇ ಸಾಕ್ಷಿ. ಮೊದಲ ಸಲ ಇಲ್ಲಿಗೆ ಬರಬೇಕೆಂದು ಹೊರಟಾಗ ನನಗೆ ಜಾಗ ಸಿಗಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ಕುಡಿತದ ಮಬ್ಬಿನಲ್ಲಿದ್ದ ನನಗೊಬ್ಬನಿಗೆ ಗೊತ್ತಿರಲಿಲ್ಲ. ಡಾಕ್ಟರು, ‘ಸಂಜೆ ಆ ಭವನಕ್ಕೆ ಹೋಗಪ್ಪ, ಅಲ್ಲಿ ನಿನ್ನಂಥೋರು ಇರ್ತಾರೆ’ ಅಂದರು. ಯಾವ ವಾರ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ನು ಯಾರನ್ನಾದರೂ ಕೇಳಿದರೆ ಕೇಳಿದ್ದೇಕೆ ಎಂಬುದು ಅವರಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಧೈರ್ಯ ಬಂದ ದಿನ ಹೊರಟೆ. ಧೈರ್ಯ ಬಂದದ್ದು ಬುಧವಾರ.

ಹಿಂದಿನ ಕೋಣೆಯಲ್ಲಿ ಜನ ಸುತ್ತ ಕುಳಿತಿದ್ದರು. ಟೀ ಇತ್ತು, ಬಿಸ್ಕತ್ತು ಇತ್ತು. ಎಲ್ಲರ ಮುಖದಲ್ಲೂ ಒಂದು ಬಗೆಯ ಶಾಂತಿ. ಸರಿಯಾದ ಜಾಗಕ್ಕೇ ಬಂದೆ ಅಂದುಕೊಂಡೆ. ಮಾಲಾಕಿ ಎಂಬ ಹಿರಿಯರು ಮಾತನಾಡುತ್ತಿದ್ದರು.

‘ಮೊದಲನೇ ವರ್ಷ ಕಚ್ಚುಸ್ಕೊಳ್ತೀರ. ಕಚ್ಚುಸ್ಕೊಳ್ಳೇಬೇಕು. ಆದ್ರೆ ಓಡ್ಬೇಡಿ, ಓಡಿದ್ರೆ ಇನ್ನೂ ಜಾಸ್ತಿ ಆಗುತ್ತೆ. ನಿಧಾನಕ್ಕೆ ಕೈ ಆಡ್ಸಿ. ಕುಡಿದ ವಾಸನೆ ಇಟ್ಕೊಂಡು ಮಾತ್ರ ಹತ್ರ ಹೋಗ್ಬೇಡಿ. ಅವಕ್ಕೆ ಗೊತ್ತಾಗ್ಬಿಡುತ್ತೆ.’

ನನಗೆ ಕಣ್ಣೀರು ಬಂತು. ಇಷ್ಟು ಚೆನ್ನಾಗಿ ನನ್ನ ಪಾಡನ್ನು ಯಾರೂ ಹೇಳಿರಲಿಲ್ಲ. ಎದ್ದು ನಿಂತು ಹೆಸರು ಹೇಳಿ, ‘ನಾನೊಬ್ಬ ಕುಡುಕ, ನನಗೆ ಸಹಾಯ ಬೇಕು’ ಎಂದುಬಿಟ್ಟೆ. ಬಿಸ್ಕತ್ತಿನ ತಟ್ಟೆ ನನ್ನ ಕಡೆ ಸರಿಯಿತು. ಆಮೇಲೆ ಮಾಲಾಕಿಯವರು, ‘ಒಳ್ಳೇದಾಯ್ತಪ್ಪ, ಬಂದ್ಯಲ್ಲ. ಕೂತ್ಕೋ, ಟೀ ತಗೋ’ ಅಂದರು. ಕುಳಿತೆ. ರಾಣಿ ಹುಳುವನ್ನು ಹುಡುಕುವುದು ಹೇಗೆಂದು ಅವರು ಮುಂದುವರಿಸಿದಾಗ ನನಗೆ ಸ್ವಲ್ಪ ಅನುಮಾನ ಬಂತು. ಎದ್ದು ಹೋಗುವುದು ಒರಟುತನವೆಂದು ಕೊನೆಯವರೆಗೂ ಕುಳಿತೆ. ಅದು ಜೇನು ಸಾಕುವವರ ಸಂಘ.

ಹೊರಗೆ ಬರುವಾಗ ಮಾಲಾಕಿಯವರು ಜೊತೆಗೇ ಬಂದು ಕೋಟು ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದರು: ‘ನಿನ್ನೋರು ಮಂಗಳವಾರ ಸೇರ್ತಾರೆ. ಇಸ್ಪೀಟು ಅಂತ ಬರ್ದಿರುತ್ತೆ, ತಲೆ ಕೆಡಿಸ್ಕೋಬೇಡ, ಒಳಗೆ ಹೋಗು. ಬುಧವಾರಾನೂ ಬಾ, ನಮ್ಗೇನೂ ಅಭ್ಯಂತರ ಇಲ್ಲ.’ ಅವತ್ತಿನಿಂದ ಇವತ್ತಿನವರೆಗೆ ಅವರಾಗಲಿ, ಆ ಕೋಣೆಯಲ್ಲಿದ್ದ ಇನ್ನೊಬ್ಬರಾಗಲಿ ಆ ಸಂಜೆಯ ವಿಷಯ ಎತ್ತಿಲ್ಲ. ನಾಚಿಕೆಗೆ ನಾನು ಆ ಸಂಘದ ಸದಸ್ಯನೂ ಆಗಿಬಿಟ್ಟೆ. ನನ್ನ ಬಳಿ ಒಂದು ಜೇನುಗೂಡೂ ಇಲ್ಲ.

ನೋಡಿ, ಬುಧವಾರದವರು ಅಷ್ಟು ಸಜ್ಜನರಾಗಿರದಿದ್ದರೆ ನಾನು ಇವತ್ತು ಈ ಪತ್ರ ಬರೆಯುತ್ತಿರಲಿಲ್ಲ. ಜಾಗ ಹುಡುಕುವವನಿಗೆ ಜಾಗ ಸಿಗಬೇಕು ಎಂಬ ತಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ಆದರೆ ಜಾಗ ಸಿಗುವುದು ಬೇರೆ, ಬಾಗಿಲು ದಾಟುವುದು ಬೇರೆ. ತಮ್ಮ ಫಲಕ ಮೊದಲನೆಯದನ್ನು ಮಾಡಿಕೊಡುತ್ತದೆ, ಎರಡನೆಯದನ್ನು ಕೆಡಿಸುತ್ತದೆ.

ಈಗ ತಮ್ಮ ಕಚೇರಿಯ ಘನಕಾರ್ಯಕ್ಕೆ ಬರುತ್ತೇನೆ. ಹೋದ ಶರತ್ಕಾಲದಲ್ಲಿ ತಾವು ಕೌಂಟಿಯ ಭವನಗಳಲ್ಲಿ ಏನೇನು ನಡೆಯುತ್ತದೆಂದು ಬಣ್ಣದ ಪುಸ್ತಿಕೆಯೊಂದನ್ನು ಮನೆಮನೆಗೆ ಹಂಚಿದಿರಿ. ಅದರಲ್ಲಿ ನಮ್ಮ ಹೆಸರೂ ಬಂತು, ಪಕ್ಕದಲ್ಲಿ ನಾಲ್ಕು ಎಕ್ಕಗಳ ಚಿತ್ರ. ‘ಸ್ನೇಹಮಯ ವಾತಾವರಣ, ಹೊಸಬರಿಗೆ ಸ್ವಾಗತ.’ ನಮ್ಮ ಸಭೆ ನಡೆಸುವ ಡಿಂಪ್ನಾ ಅದನ್ನು ನೋಡಿ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡಳು. ಡಿಂಪ್ನಾ ಮೊದಲು ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವಳು. ನಮ್ಮನ್ನೆಲ್ಲ ಈಗಲೂ ಊಟದ ಸಾಲಿನಲ್ಲಿ ನಿಂತ ಮಕ್ಕಳೆಂದೇ ತಿಳಿದಿದ್ದಾಳೆ. ‘ಇದನ್ನ ಓದ್ಕೊಂಡು ಯಾರಾದ್ರೂ ನಿಜವಾಗ್ಲೂ ಆಡೋಕೆ ಬಂದ್ರೆ ಏನೇ ಮಾಡೋದು ನಾವು?’ ಅಂತ ತನಗೆ ತಾನೇ ಕೇಳಿಕೊಂಡಳು.

ಬಂದರು. ಮುಂದಿನ ಮಂಗಳವಾರವೇ ಮಿಸೆಸ್ ಅಸಂಪ್ಟಾ ಹೆಗಾರ್ಟಿ ಬಂದರು. ವಯಸ್ಸಾದ ವಿಧವೆ, ಪಕ್ಕದ ಊರಿನ ಚರ್ಚಿಗೆ ಸೇರಿದವರು. ಅಲ್ಲಿಯ ನಿಜವಾದ ಇಸ್ಪೀಟು ಕ್ಲಬ್ ಮುಚ್ಚಿತ್ತಂತೆ. ಕೈಚೀಲದಲ್ಲಿ ಸ್ವಂತ ಎಲೆಗಳ ಕಟ್ಟು. ‘ನಲವತ್ತೈದು’ ಎಂಬ ನಮ್ಮ ಕಡೆಯ ಇಸ್ಪೀಟಾಟದಲ್ಲಿ ಅವರ ಹೆಸರು ಕೇಳಿದರೆ ಗಂಡಸರು ಎದ್ದು ಬೇರೆ ಮೇಜಿಗೆ ಹೋಗುತ್ತಿದ್ದರೆಂದು ಆಮೇಲೆ ತಿಳಿಯಿತು. ಅವರು ಕುಳಿತರು. ನಾವು ಒಬ್ಬೊಬ್ಬರಾಗಿ ಹೆಸರು ಹೇಳಿ, ವಾರ ಹೇಗೆ ಕಳೆಯಿತೆಂದು ಮೆತ್ತಗೆ ಹೇಳಿಕೊಂಡೆವು. ಅವರ ಎದುರು ಹೆಚ್ಚು ಬಿಡಿಸಿ ಹೇಳಲಿಲ್ಲ, ಪೂರ್ತಿ ಮುಚ್ಚಿಡಲೂ ಇಲ್ಲ. ಆಟಕ್ಕೆ ಮೊದಲು ಇಲ್ಲಿ ಹೀಗೆ ಮಾತಾಡಿಕೊಳ್ಳುವ ರೂಢಿಯಿದೆ ಎಂದು ಅವರು ತಿಳಿದಂತಿತ್ತು. ಅರ್ಧ ಗಂಟೆ ತಾಳ್ಮೆಯಿಂದ ಕೇಳಿ ಕೊನೆಗೆ ಅಂದರು:

‘ಎಲ್ಲಾ ಸರಿ ಕಣ್ರಪ್ಪಾ, ಎಲೆ ಹಂಚೋದು ಯಾವಾಗ?’

ಡಿಂಪ್ನಾ, ‘ಇವತ್ತು ಹೊತ್ತಾಗೋಯ್ತು ಕಣಮ್ಮಾ, ಮುಂದಿನ ವಾರ’ ಅಂದಳು.

ಮುಂದಿನ ವಾರ ಅವರು ಎಲೆಗಳ ಕಟ್ಟಿನ ಜೊತೆ ಒಂದು ಕೇಕನ್ನೂ ತಂದರು. ಕಪ್ಪು ಬಿಯರಿನಲ್ಲಿ ಒಣದ್ರಾಕ್ಷಿ ನೆನೆಸಿ ಮಾಡುವ ಕೇಕು. ಯಾರ ಮನೆಯಲ್ಲಿ ಮದುವೆಯಾದರೂ ಯಾರು ಸತ್ತರೂ ಅದೇ ಕೇಕು. ವಾಸನೆಯಿಂದಲೇ ನಮಗೆಲ್ಲ ಗೊತ್ತಾಯಿತು. ಒಲೆಯಲ್ಲಿ ಬೆಂದ ಮೇಲೆ ಅದರಲ್ಲಿ ಏನು ಉಳಿಯುತ್ತದೆ ಎಂದು ತಾವು ಕೇಳಬಹುದು. ಏನೂ ಉಳಿಯದಿರಬಹುದು, ನಾವು ಪರೀಕ್ಷೆ ಮಾಡಲು ಹೋಗುವುದಿಲ್ಲ. ‘ತಗೊಳ್ಳಿ’ ಅಂದರು. ‘ಬೇಡ’ ಅಂದೆವು. ನಮ್ಮಲ್ಲಿ ಮೊದಲ ಸಲ ಬೇಡ ಅನ್ನುವುದು ಸಂಸ್ಕಾರ. ‘ಅಯ್ಯೋ, ಒಂಚೂರು ತಗೊಳ್ಳಿ’ ಅಂದರು. ‘ಬೇಡಮ್ಮ, ಈಗಷ್ಟೇ ಊಟ ಆಯ್ತು’ ಅಂದೆವು. ಎರಡನೆಯ ಸಲವೂ ಬೇಡ ಅನ್ನಲೇಬೇಕು. ಮೂರನೆಯ ಸಲ ಕೇಳಿದಾಗ ತಟ್ಟೆ ಚಾಚುವುದು ಈ ದೇಶದ ಕಾನೂನು. ಮೂರನೆಯ ಸಲವೂ ಬೇಡ ಅಂದವನನ್ನು ನಾನು ಎಲ್ಲೂ ಕಂಡಿಲ್ಲ. ಅವರು ಮೂರನೆಯ ಸಲ ಕೇಳಿದರು. ಇಡೀ ಕೋಣೆ ಬೇಡ ಅಂದಿತು.

ಮಿಸೆಸ್ ಹೆಗಾರ್ಟಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ಹೋದ ವಾರ ಕೇಳಿದ ಮಾತುಗಳೆಲ್ಲ ಅವರಿಗೆ ಆಗ ಅರ್ಥವಾದವು ಅಂತ ಕಾಣುತ್ತದೆ. ಕೇಕಿನ ಮೇಲೆ ಬಟ್ಟೆ ಮುಚ್ಚಿದರು. ಎದ್ದು ಹೋಗುತ್ತಾರೆ ಅಂದುಕೊಂಡೆವು. ಹೋಗಲಿಲ್ಲ. ಕೇಕನ್ನು ಕಾಲಿನ ಬಳಿ ಇಟ್ಟುಕೊಂಡು, ಕಿಟಕಿಯ ಕಡೆ ನೋಡುತ್ತ ಹೇಳಿದರು:

‘ನಂಗೆ ಕಾರು ಓಡ್ಸೋಕೆ ಬರಲ್ಲ. ಮಗ ಬಿಡ್ತಾನೆ. ಆಚೆ ಕೂತಿದಾನೆ, ಫೆರ್ಗಲ್. ನನ್ನ ಕರ್ಕೊಂಡು ಹೋಗ್ಬೇಕಲ್ಲ ಅಂತ ಮಂಗಳವಾರ ಒಂದಿನ ಅವ್ನು ಕುಡಿಯಲ್ಲ.’

ಡಿಂಪ್ನಾ ಮಿಸೆಸ್ ಹೆಗಾರ್ಟಿಗೆ ಇನ್ನೊಂದು ಲೋಟ ಟೀ ಬಗ್ಗಿಸಿ, ನನ್ನ ಕೈಗೊಂದು ಲೋಟ ಕೊಟ್ಟು, ‘ಆಚೆ ಚಳಿ ಇದೆ, ಕೊಟ್ಟು ಬಾ’ ಅಂದಳು.

ಮಾನ್ಯರೇ, ಅಂದಿನಿಂದ ಪ್ರತಿ ಮಂಗಳವಾರ ನಾನು ಆ ಕಾರಿಗೆ ಟೀ ಒಯ್ಯುತ್ತೇನೆ. ಮೊದಲು ಕಾರಿನ ಕಿಟಕಿಯ ಗಾಜು, ಲೋಟ ಹಿಡಿಸುವಷ್ಟೇ ಇಳಿಯುತ್ತಿತ್ತು. ‘ಎರಡು ಚಮಚ ಸಕ್ಕರೆ ಹಾಕಿದೀನಿ’ ಅನ್ನುತ್ತಿದ್ದೆ. ‘ಹ್ಞೂಂ’ ಅನ್ನುತ್ತಿದ್ದ. ಕುಡಿದ ಲೋಟವನ್ನು ಭವನದ ಗೋಡೆಯ ಮೇಲಿಟ್ಟು ಹೋಗುತ್ತಿದ್ದ. ಬರುಬರುತ್ತ ಗಾಜು ಪೂರ್ತಿ ಇಳಿಯಿತು. ಒಂದು ದಿನ, ‘ಅಮ್ಮ ಗೆಲ್ತಿದಾಳಾ?’ ಎಂದು ಕೇಳಿದ. ‘ನಿಮ್ಮಮ್ಮನ ಮುಂದೆ ನಮ್ಮದೇನು ನಡೆಯುತ್ತೆ’ ಎಂದೆ. ಅದು ಸುಳ್ಳಾಗಿರಲಿಲ್ಲ. ಅಷ್ಟು ಹೊತ್ತಿಗೆ ಅವರು ನಮಗೆ ನಿಜವಾಗಿಯೂ ಆಟ ಕಲಿಸತೊಡಗಿದ್ದರು. ಸಭೆ ಮುಗಿದ ಮೇಲೆ ಒಂದು ಆಟ, ಬೈಗುಳದ ಸಮೇತ.

ಇಂಥ ಹೊತ್ತಿನಲ್ಲಿ ತಮ್ಮ ಇನ್ನೊಂದು ಆದೇಶ ಬಂತು: ಆಟದ ಕ್ಲಬ್ಬುಗಳು ಕೌಂಟಿ ಪಂದ್ಯಕ್ಕೆ ತಂಡ ಕಳಿಸದಿದ್ದರೆ ಕೋಣೆ ಬಿಡಬೇಕು. ಅದನ್ನು ನೋಡಿಕೊಂಡು ಬರಲು ತಮ್ಮ ಪರಿವೀಕ್ಷಕರು ಬಂದರು. ನಾವು ಗಡಿಬಿಡಿಯಲ್ಲಿ ಕುರ್ಚಿಗಳನ್ನು ಮೇಜಿನ ಸುತ್ತ ಎಳೆದು ಎಲೆ ಹಂಚಿದೆವು. ಆ ಮಹಾಶಯರು ಸ್ವತಃ ಆಟಗಾರರು ಎಂಬುದು ನಮ್ಮ ದುರದೃಷ್ಟ. ನನ್ನ ಬೆನ್ನ ಹಿಂದೆಯೇ ನಿಂತರು. ನನ್ನ ಕೈಯಲ್ಲಿ ತುರುಪಿನ ಐದು ಇತ್ತು. ಈ ಆಟದಲ್ಲಿ ಅದಕ್ಕಿಂತ ದೊಡ್ಡ ಎಲೆ ಇಲ್ಲ. ನಾನು ಅದನ್ನು ಸಣ್ಣ ಎಲೆ ಎಂದುಕೊಂಡು ಮೊದಲೇ ಎಸೆದುಬಿಟ್ಟೆ.

‘ಕೈ ಮುರ್ದುಹೋಗ್ಲಿ ನಿಂದು’ ಎಂದರು ಮಿಸೆಸ್ ಹೆಗಾರ್ಟಿ. ‘ಎಷ್ಟು ವಾರದಿಂದ ಹೇಳ್ಕೊಡ್ತಿದೀನಿ. ಕತ್ತೆಗೆ ಹೇಳಿದ್ರೆ ಇಷ್ಟೊತ್ತಿಗೆ ಕಪ್ ತಗೊಂಡು ಬರೋದು.’

ಪರಿವೀಕ್ಷಕರು ಏನೋ ಗುರುತು ಹಾಕಿಕೊಂಡು ಹೊರಟರು. ನಾವು ತಪ್ಪಿಸಿಕೊಂಡೆವು ಎಂದು ಉಸಿರು ಬಿಟ್ಟೆವು. ಆದರೆ ಡಿಂಪ್ನಾಳ ಮುಖ ಸರಿಯಿರಲಿಲ್ಲ. ‘ಸುಳ್ಳು ಬಿಡ್ಬೇಕು ಅಂತ ಇಲ್ಲಿಗೆ ಬರೋದು ನಾವು. ಆಣೆ ಪ್ರಮಾಣ ಎಲ್ಲಾ ಮಾಡಿ ಈಗ ಕುರ್ಚಿ ಎಳ್ಕೊಂಡು ನಾಟಕ ಆಡ್ತಿದೀವಿ. ನಂಗೆ ಟೀ ಒಳಗೆ ಇಳೀತಿಲ್ಲ ಕಣ್ರೋ’ ಎಂದು, ಅವರ ಹಿಂದೆಯೇ ಓಡಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದಳು. ತಮಗೆ ವಿಷಯ ಗೊತ್ತಾದದ್ದು ಹೀಗೆ. ಅದರ ಫಲವೇ ನೀಲಿ ದೀಪದ ಯೋಜನೆ. ತಾವು ಸಿಟ್ಟಾಗಿ ಕೋಣೆ ಕಿತ್ತುಕೊಂಡಿದ್ದರೆ ಜಗಳವಾಡಬಹುದಿತ್ತು. ತಾವು ಕನಿಕರಪಟ್ಟಿರಿ, ಈಗ ಏನು ಮಾಡುವುದೆಂದು ನಮಗೆ ತಿಳಿಯದಾಗಿದೆ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನಮ್ಮನ್ನು ಇಸ್ಪೀಟು ಆಡುವವರೆಂದು ನಂಬಿ ತಮ್ಮ ಕಚೇರಿ ಪುಸ್ತಿಕೆ ಹಂಚಿತಲ್ಲ, ಆ ತಪ್ಪು ಎಷ್ಟೋ ವರ್ಷಗಳಲ್ಲಿ ತಮ್ಮ ಕಚೇರಿ ಈ ಊರಿಗೆ ಮಾಡಿದ ಅತಿ ದೊಡ್ಡ ಉಪಕಾರ. ರಸ್ತೆಯ ಗುಂಡಿ ಮುಚ್ಚಿದ್ದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅದು ಮತ್ತೆ ಬಿದ್ದಿದೆ. ಆ ಪುಸ್ತಿಕೆಯಲ್ಲಿ ನಿಜವನ್ನೇ ಅಚ್ಚು ಹಾಕಿದ್ದರೆ ಮಿಸೆಸ್ ಹೆಗಾರ್ಟಿ ಬರುತ್ತಿದ್ದರೇ? ಅವರ ಮಗ ಆ ಫಲಕದ ಕೆಳಗೆ ಕಾರು ನಿಲ್ಲಿಸುತ್ತಿದ್ದನೇ? ಬೇರೆಯವರು ಹೇಳಿ ನೋಡಿಲ್ಲವೆಂದಲ್ಲ. ಡಾಕ್ಟರು ಹೇಳಿದ್ದಾರೆ, ಅವನ ಅಕ್ಕ ಹೇಳಿದ್ದಾಳೆ, ಪಾದ್ರಿಗಳು ಮನೆಗೇ ಹೋಗಿ ಹೇಳಿದ್ದಾರೆ. ‘ಅಂಥಾ ಕಡೆ ನಾನು ಕಾಲಿಡಲ್ಲ’ ಎಂಬುದು ಅವನ ಒಂದೇ ಉತ್ತರ. ಅಮ್ಮನನ್ನು ಇಸ್ಪೀಟಿಗೆ ಬಿಡುವುದು ಬೇರೆ ವಿಷಯ. ಅದಕ್ಕೆ ಯಾರೂ ಏನೂ ಅನ್ನುವಂತಿಲ್ಲ, ಅವನು ತನಗೆ ತಾನೂ ಏನೂ ಅಂದುಕೊಳ್ಳಬೇಕಾಗಿಲ್ಲ.

ಅವನಿಗೆ ಒಳಗೆ ಏನು ನಡೆಯುತ್ತದೆಂದು ಗೊತ್ತಿಲ್ಲವೇ? ಖಂಡಿತ ಗೊತ್ತಿದೆ. ಅವನಿಗೆ ಗೊತ್ತಿದೆಯೆಂದು ಅವನ ತಾಯಿಗೆ ಗೊತ್ತಿದೆ. ತಾಯಿಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿದೆ. ಆದರೂ ಮನೆಯಿಂದ ಹೊರಡುವಾಗ ತಾಯಿ, ‘ಇಸ್ಪೀಟಿಗೆ ಹೊತ್ತಾಯ್ತು, ಗಾಡಿ ತೆಗಿಯೋ’ ಅನ್ನುತ್ತಾರೆ. ಅವನು ಗಾಡಿ ತೆಗೆಯುತ್ತಾನೆ. ಆ ಮರದ ಹಲಗೆ ಈಗ ಅವರಿಬ್ಬರ ನಡುವೆ ಒಂದು ಒಪ್ಪಂದ. ತಾವು ನೀಲಿ ದೀಪ ಹಾಕಿದ ದಿನ ಅದು ಮುರಿದುಬೀಳುತ್ತದೆ. ಅವನು ಬರುವುದಿಲ್ಲ. ಅವನು ಬಾರದೆ ಅವರೂ ಬರಲಾರರು. ಅವನು ಕುಡಿಯದ ಒಂದು ಮಂಗಳವಾರವೂ ಉಳಿದ ದಿನಗಳ ಜೊತೆ ಸೇರಿಹೋಗುತ್ತದೆ. ನನಗೆ ಭಯವಾಗುತ್ತಿದೆ. ಇದುವರೆಗೆ ತಮಾಷೆಯಾಗಿ ಬರೆದದ್ದು ಆ ಭಯಕ್ಕೇ.

ಏಕೆಂದರೆ ಹೋದ ಮಂಗಳವಾರ ಒಂದು ಸಂಗತಿ ನಡೆಯಿತು. ಟೀ ಕುಡಿದ ಮೇಲೆ ಫೆರ್ಗಲ್ ಲೋಟವನ್ನು ಗೋಡೆಯ ಮೇಲಿಡಲಿಲ್ಲ. ಕಾರಿನಿಂದ ಇಳಿದು, ಮೆಟ್ಟಿಲು ಹತ್ತಿ, ಬಾಗಿಲ ಒಳಗೆ ಕೋಟು ನೇತುಹಾಕುವ ಜಾಗದವರೆಗೆ ಬಂದ. ಅಲ್ಲಿ ನಿಂತು ನನ್ನ ಕೈಗೆ ಲೋಟ ಕೊಟ್ಟು, ‘ತೊಳ್ಯೋಕೆ ನೀವ್ಯಾಕೆ ಆಚೆ ಬಂದು ತಗೊಂಡ್ ಹೋಗ್ಬೇಕು’ ಅಂದ. ಒಳಗಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವನಮ್ಮ ಯಾರನ್ನೋ ಬೈಯುತ್ತಿದ್ದರು. ಅವನು ಸ್ವಲ್ಪ ಹೊತ್ತು ಅದನ್ನು ಕೇಳುತ್ತ ನಿಂತು, ನಕ್ಕು, ಕಾರಿಗೆ ಹೋದ. ನಾನು ಒಳಗೆ ಬಂದು ಲೋಟ ತೊಳೆದೆ. ಮಿಸೆಸ್ ಹೆಗಾರ್ಟಿ ಎಲೆ ಕಲೆಸುತ್ತಲೇ ಇದ್ದರು, ತಲೆ ಎತ್ತಲಿಲ್ಲ. ಹಂಚುವುದನ್ನೇ ಮರೆತಿದ್ದರು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ನಿಜವಾದ ಹೆಸರನ್ನು, ದಿನವನ್ನು, ಡಿಂಪ್ನಾಳ ಫೋನ್ ನಂಬರನ್ನು ಎಲ್ಲಿ ಬೇಕಾದರೂ ಹಾಕಿಸಿ: ಡಾಕ್ಟರ ಮೇಜಿನ ಮೇಲೆ, ಔಷಧಿ ಅಂಗಡಿಯಲ್ಲಿ, ತಮ್ಮ ವೆಬ್‌ಸೈಟಿನಲ್ಲಿ, ಸಾರ್ವಜನಿಕ ಶೌಚಾಲಯದ ಬಾಗಿಲಿನ ಒಳಬದಿಯಲ್ಲಿ. ಮನುಷ್ಯ ಒಬ್ಬನೇ ಕುಳಿತು ಓದುವ ಜಾಗ ಯಾವುದಿದ್ದರೂ ಸರಿ. ಇನ್ನು ಮುಂದೆ ಯಾವ ಬಡಪಾಯಿಯೂ ಜೇನು ಸಾಕುವವರ ಮುಂದೆ ನಿಂತು ಅಳಬೇಕಾಗಿ ಬರಬಾರದು. ಆದರೆ ಬೀದಿಗೆ ಮುಖ ಮಾಡಿದ ಫಲಕದಲ್ಲಿ ಇಸ್ಪೀಟು ಇಸ್ಪೀಟಾಗಿಯೇ ಇರಲಿ. ಸುಳ್ಳು ಬರೆಸಲು ತಮ್ಮ ಮನಸ್ಸು ಒಪ್ಪದಿದ್ದರೆ ಅದಕ್ಕೂ ದಾರಿ ಮಾಡಿದ್ದೇವೆ. ಸಭೆಯ ನಂತರ ಪ್ರತಿ ವಾರ ಎಲೆ ಹಂಚುತ್ತೇವೆ. ಕೌಂಟಿ ಪಂದ್ಯಕ್ಕೂ ಹೆಸರು ಕೊಟ್ಟಿದ್ದೇವೆ, ಸೋಲುವುದು ಖಾತ್ರಿ. ಮೂರು ಜೋಡಿಯಾಗಬೇಕು, ಎಲ್ಲ ಸೇರಿ ಆಡುವವರು ಐದೇ ಜನ ಇದ್ದೇವೆ. ಮಿಸೆಸ್ ಹೆಗಾರ್ಟಿಗೆ ಜೋಡಿಯಿಲ್ಲ. ನಮ್ಮಲ್ಲಿ ಯಾರನ್ನು ಕೊಟ್ಟರೂ ಅವರು ಒಪ್ಪುವುದಿಲ್ಲ. ಅವರ ಎದುರಿನ ಕುರ್ಚಿ ಖಾಲಿ ಇದೆ.

ತಮಗೆ ಬರೆದ ಪತ್ರದಲ್ಲೇ ಇನ್ನೊಬ್ಬರಿಗೆ ಎರಡು ಸಾಲು ಬರೆಯಲು ಅಪ್ಪಣೆ ಕೊಡಿ. ಹೆಸರು ಬದಲಿಸಿದ್ದರೂ ಎರಡು ಚಮಚ ಸಕ್ಕರೆಯಿಂದ ಅವನು ತನ್ನನ್ನು ಗುರುತಿಸಿಕೊಳ್ಳುತ್ತಾನೆ.

ಅಪ್ಪಾ, ಈ ಮಂಗಳವಾರ ನನಗೆ ಮಂಡಿನೋವು. ಟೀ ಆಚೆ ತರಲು ಆಗುವುದಿಲ್ಲ. ಒಳಗೇ ಇಟ್ಟಿರುತ್ತೇನೆ, ನಿಮ್ಮಮ್ಮನ ಎದುರಿಗೆ. ನೀನು ಏನೂ ಹೇಳಬೇಕಾಗಿಲ್ಲ. ಬಂದು ಕೂತು ಎಲೆ ಎತ್ತಿಕೋ.

ಇಂತಿ,
ಕೈಗೆ ಬಂದ ತುರುಪಿನ ಐದನ್ನು ಎಸೆದು ಕುಳಿತ,
ಮಂಗಳವಾರದ ಇಸ್ಪೀಟು ಕ್ಲಬ್ಬಿನ ಗೌರವ ಕಾರ್ಯದರ್ಶಿ
(ಬುಧವಾರಗಳಂದು, ಗೂಡಿಲ್ಲದ ಜೇನು ಸಾಕಣೆದಾರ)